ಎರಡೂವರೆಯ ಸ್ನಾನ

ದೂರು ಬಂದದ್ದು 2024ರ ಮೇ 9, ಗುರುವಾರ, ಸಂಜೆ 5.52ಕ್ಕೆ, ಫೋನಿನಲ್ಲಿ. ಕರೆ ಮಾಡಿದ್ದು ಹೆಂಗಸು, ಮಾತು ಇಂಗ್ಲಿಷ್, ಹಿಂದಿನಿಂದ ಮಕ್ಕಳು ಕಿರುಚುವ ಸದ್ದು. "ಸಿಂಹ ನಮ್ಮ ಗೈಡನ್ನು ಹಿಡಿದಿದೆ" ಎಂದಳು. ಒಮಾನಿನ ಸಹಮ್ ಪಟ್ಟಣದ ಹತ್ತಿರದ ಆ ಠಾಣೆಯಲ್ಲಿ ಅಂದು ಫೋನಿನ ಪಾಳಿಯಲ್ಲಿದ್ದ ಪೇದೆ ಹಮೂದ್, ಯಾರೋ ಕುಚೋದ್ಯ ಮಾಡುತ್ತಿದ್ದಾರೆಂದು ಇಟ್ಟುಬಿಟ್ಟ. ಅವನದೇನೂ ತಪ್ಪಿಲ್ಲ. ಆ ಕರಾವಳಿಯಲ್ಲಿ ಮೀನು ಸಿಗುತ್ತದೆ, ನಿಂಬೆ ಸಿಗುತ್ತದೆ, ಸಿಂಹ ಎಲ್ಲಿಂದ ಬರಬೇಕು? 5.55ಕ್ಕೆ ಅದೇ ಹೆಂಗಸು ಮತ್ತೆ ಕರೆ ಮಾಡಿದಳು. ಈ ಸಲ ಅಳುತ್ತಿದ್ದಳು.

ಸಿಂಹ ಬಂದದ್ದು ಹಡಗಿನಲ್ಲಿ. ಸಹಮ್‌ನಿಂದ ಬೆಟ್ಟದ ಕಡೆಗೆ ಮೂವತ್ತನಾಲ್ಕು ಕಿಲೋಮೀಟರ್ ಹೋದರೆ, ಒಣ ಹಳ್ಳದ ಪಕ್ಕ, ಕರಿಬು ಸಫಾರಿ ಲಾಡ್ಜ್ ಎಂಬ ಜಾಗವಿತ್ತು. ಆಫ್ರಿಕಕ್ಕೆ ಹೋಗಲು ರಜೆ ಸಿಗದವರಿಗಾಗಿ ಆಫ್ರಿಕವನ್ನೇ ತಂದು ಬೇಲಿಯೊಳಗೆ ಕೂಡಿದ್ದರು. ಹುಲ್ಲಿನ ಛಾವಣಿಯ ಗುಡಿಸಲುಗಳು, ಆರು ಜೀಬ್ರಾ, ಎರಡು ಜಿರಾಫೆ, ಒಂದು ಸಿಂಹ, ಒಂದು ಸಿಂಹಿಣಿ. ಪ್ರವಾಸಿಗರಿದ್ದ ದಿನ ಬೆಳಿಗ್ಗೆ ಐದೂವರೆಗೊಂದು, ಸಂಜೆ ನಾಲ್ಕೂವರೆಗೊಂದು ಗೇಮ್ ಡ್ರೈವ್. ಅಂದರೆ ತೆರೆದ ಜೀಪಿನಲ್ಲಿ ಕೂತು ಪ್ರಾಣಿ ಹುಡುಕುತ್ತ ಹೋಗುವುದು. ಹುಡುಕುವುದೇನು ಮಣ್ಣು! ಬೇಲಿಯೊಳಗಿದ್ದದ್ದು ಎಲ್ಲಿ ಹೋದೀತು? ಆದರೂ ಜನ ಉಸಿರು ಬಿಗಿಹಿಡಿದು ಹುಡುಕುತ್ತಿದ್ದರು. ಹಾಗೆ ಹುಡುಕುವಂತೆ ಮಾಡುವುದರಲ್ಲಿ ಗೈಡ್ ಶೈಲೇಶ್ ಗಟ್ಟಿಗನಾಗಿದ್ದ. ಮಂಗಳೂರಿನವನು, ನಲವತ್ತೊಂದು ವರ್ಷ, ಮಾತಿನಲ್ಲೇ ಮನೆ ಕಟ್ಟುವ ಆಸಾಮಿ.

ಠಾಣಾಧಿಕಾರಿ ಹಿಬಾ ಸ್ಥಳಕ್ಕೆ ತಲುಪಿದ್ದು 6.40ಕ್ಕೆ. ಅವರ ಹುದ್ದೆಗೆ ಅಲ್ಲಿ ಬೇರೆ ಹೆಸರಿದೆ, ನಮ್ಮ ಲೆಕ್ಕದಲ್ಲಿ ಇನ್‌ಸ್ಪೆಕ್ಟರ್. ಮೂವತ್ತೈದರ ಒಮಾನಿ ಹೆಂಗಸು, ಸಹಮ್‌ನಲ್ಲೇ ಹುಟ್ಟಿದವರು, ಕಿರಾಣಿ ಅಂಗಡಿಗಳಲ್ಲಿ ಕಲಿತ ಹಿಂದಿ ಬರುತ್ತಿತ್ತು. ಅಷ್ಟರಲ್ಲಿ ಪಶುವೈದ್ಯರು ಅರಿವಳಿಕೆಯ ಬಾಣ ಹೊಡೆದು ಸಿಂಹಿಣಿಯನ್ನು ಕೆಡವಿದ್ದರು. ಶೈಲೇಶನ ಕುತ್ತಿಗೆಯೂ ಎಡಭುಜವೂ ಇರಬೇಕಾದ ಕಡೆ ಇರಲಿಲ್ಲ. ಜಾಲಿಮರದ ಬುಡದಿಂದ ಹದಿನಾಲ್ಕು ಹೆಜ್ಜೆ ದೂರದವರೆಗೆ ಎಳೆದ ಗುರುತು. ಮರದ ಹಿಂದಿನ ಪೊದೆಯಲ್ಲಿ ಕೋಲಿನ ತುದಿಗೆ ಕಟ್ಟಿದ ಪ್ಲಾಸ್ಟರಿನ ಸಿಂಹದ ಪಾದವೊಂದು ಬಿದ್ದಿತ್ತು. ಹಮೂದ್ ಅದನ್ನು ಎತ್ತಿ ತಿರುಗಿಸಿ ನೋಡಿ, ಇದೇನೆಂದು ಕೇಳಿದ. ಉತ್ತರ ಕೊಡಬೇಕಾಗಿ ಬಂದದ್ದು ಮ್ಯಾನೇಜರ್ ಗ್ರೆಟ್ಟಾಳಿಗೆ. ದಕ್ಷಿಣ ಆಫ್ರಿಕದವಳು, ಜೀಪು ಓಡಿಸುತ್ತಿದ್ದವಳೂ ಅವಳೇ, ಠಾಣೆಗೆ ಫೋನ್ ಮಾಡಿದವಳೂ ಅವಳೇ.

ನಡೆಯುತ್ತಿದ್ದ ನಾಟಕ ಹೀಗಿತ್ತು. ಡ್ರೈವ್ ಇದ್ದ ದಿನ ಮಧ್ಯಾಹ್ನ ಒಂದು ಗಂಟೆಗೆ ಶೈಲೇಶ್ ಆ ಮರದ ಕೆಳಗಿನ ಮರಳನ್ನು ಗೋರಿ, ಪ್ಲಾಸ್ಟರಿನ ಪಾದದಿಂದ ಹೆಜ್ಜೆ ಒತ್ತುತ್ತಿದ್ದ. ಸಂಜೆ ಜೀಪು ಅಲ್ಲಿ ನಿಲ್ಲುತ್ತಿತ್ತು. ಅವನು ಕೆಳಗಿಳಿದು ಮಂಡಿಯೂರಿ ಹೆಜ್ಜೆ ಓದುತ್ತಿದ್ದ, ಮಣ್ಣು ಮೂಸುತ್ತಿದ್ದ. ಆ ಹೊತ್ತಿನಲ್ಲಿ ಸಿಂಹಗಳು ಇನ್ನೂರು ಹೆಜ್ಜೆ ಹಿಂದಿನ ಗೂಡಿನಲ್ಲಿ, ಕಬ್ಬಿಣದ ಶಟರಿನ ಹಿಂದೆ ಇರುತ್ತಿದ್ದವು. ಅವನು ಮತ್ತೆ ಜೀಪು ಹತ್ತಿ, ಜೀಪು ದಿಬ್ಬ ಏರಿದ ಮೇಲೆ, ತನ್ನ ವಾಕಿಟಾಕಿಯ ಗುಂಡಿ ಎರಡು ಸಲ ಒತ್ತುತ್ತಿದ್ದ. ಗೂಡಿನ ಹಿಂದೆ ನಿಂತವನಿಗೆ ಟಿಕ್, ಟಿಕ್ ಎಂದು ಕೇಳುತ್ತಿತ್ತು. ಅವನು ಶಟರ್ ಎತ್ತುತ್ತಿದ್ದ. ಸಿಂಹ ಹೊರಗೆ ಬರುತ್ತಿತ್ತು, ಜನ ಬಾಯಿಬಿಟ್ಟು ನೋಡುತ್ತಿದ್ದರು. ಹೊರಗೆ ಬಂದ ಸಿಂಹ ಮಲಗಿಬಿಡಬಾರದೆಂದು ಎರಡು ದಿನ ಮೊದಲೇ ಅದಕ್ಕೆ ಊಟ ನಿಲ್ಲಿಸುತ್ತಿದ್ದರು. ಕೆಲಸಗಾರರು ಆ ದಿನಗಳನ್ನು ಸಿಂಹದ ಉಪವಾಸ ಎಂದು ಕರೆಯುತ್ತಿದ್ದರು.

ಗುರುವಾರ 5.38ಕ್ಕೆ ಶಟರ್ ಎದ್ದಾಗ ಶೈಲೇಶ್ ಇನ್ನೂ ಮಂಡಿಯೂರಿಯೇ ಇದ್ದ, ಗೂಡಿಗೆ ಬೆನ್ನು ಹಾಕಿ. ಜೀಪಿನಲ್ಲಿದ್ದ ಒಂಬತ್ತು ಮಂದಿ ಪ್ರವಾಸಿಗರು ಸಿಂಹಿಣಿ ಓಡಿಬರುವುದನ್ನು ನೋಡಿ ಕೂಗಿದರು. ಕೂಗುವುದು ಪ್ರತಿ ಡ್ರೈವಿನ ಸಂಗತಿ. ಅವನು ನಕ್ಕು, ತುಟಿಗೆ ಬೆರಳಿಟ್ಟು, ಸುಮ್ಮನಿರಿ ಎಂದು ಸನ್ನೆ ಮಾಡಿದ. ಅದು ಅವನ ಮೇಲೆ ಬಿದ್ದಾಗಲೂ ಇಬ್ಬರು ಚಪ್ಪಾಳೆ ತಟ್ಟಿದರು, ಇದೂ ಆಟದ ಭಾಗವೆಂದು. ಒಬ್ಬ ಹೆಂಗಸು ತನ್ನ ಹೇಳಿಕೆಯಲ್ಲಿ, ತಾನು ಎಷ್ಟು ಹೊತ್ತು ಚಪ್ಪಾಳೆ ತಟ್ಟಿದೆನೋ ನೆನಪಿಲ್ಲ ಎಂದು ಬರೆಸಿದಳು.

ಪಂಚನಾಮೆ ರಾತ್ರಿ 8.15ಕ್ಕೆ ಮುಗಿಯಿತು. ಅದರ ಏಳನೆಯ ಸಾಲು: "ಮೃತನು ಮಂಡಿಯೂರಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿ, ನಾಲ್ಕು ಬೆರಳು ಆಳದಲ್ಲಿ, ಆಡಿನ ಕರುಳಿನ ತುಂಡುಗಳು, ಅಂದಾಜು ಎರಡು ಕಿಲೋ." ಗ್ರೆಟ್ಟಾ ಅದು ಸಿಂಹ ಹಿಂದಿನ ವಾರ ತಿಂದು ಬಿಟ್ಟದ್ದಿರಬೇಕು ಎಂದಳು. ಹಿಬಾ ಅದನ್ನು ಬರೆದುಕೊಂಡರು, ಒಪ್ಪಿಕೊಳ್ಳಲಿಲ್ಲ. ಹಿಂದಿನ ವಾರದ ಕರುಳು ಆ ಬಿಸಿಲಿಗೆ ಹಾಗೆ ಹಸಿಯಾಗಿ ಉಳಿಯುತ್ತದೆಯೇ?

ಲಾಡ್ಜಿನ ಲಿಖಿತ ದೂರಿನಲ್ಲಿ ಒಂದೇ ಹೆಸರಿತ್ತು. ಶಟರ್ ಎತ್ತಿದವನು ಮಹ್ರೂಫ್, ಸಂಕೇತ ಇಲ್ಲದೆ ಎತ್ತಿದ, ನಿರ್ಲಕ್ಷ್ಯದಿಂದ ಸಾವು. ಅಂದೇ ಎಫ್‌ಐಆರ್ ಆಯಿತು. ಮಹ್ರೂಫ್ ಉಪ್ಪಿನಂಗಡಿ ಕಡೆಯ ಬ್ಯಾರಿ, ಮೂವತ್ತೆಂಟು ವರ್ಷ, ಸಿಂಹಗಳ ಊಟ ಮತ್ತು ಶಟರ್ ಅವನ ಕೆಲಸ. ರಾತ್ರಿ ಒಂಬತ್ತಕ್ಕೆ ಅವನನ್ನು ಲಾಕಪ್ಪಿಗೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವನ ಹೆಂಡತಿ ಅಮೀನತ್ ಠಾಣೆಯ ಬಾಗಿಲಿನಲ್ಲಿದ್ದಳು. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಿಂದ ಹಂಚಿಕೆಯ ಕಾರಿನಲ್ಲಿ ಬಂದಿದ್ದಳು. ಕನ್ನಡ ಬಲ್ಲ ದುಭಾಷಿಯಾಗಿ ಠಾಣೆಯವರು ಶಹನಾಳನ್ನು ಕರೆಸಿದ್ದರು. ಅವಳು ಪುತ್ತೂರಿನವಳು, ಸಹಮ್‌ನಲ್ಲಿ ಗಂಡನ ಬಟ್ಟೆ ಅಂಗಡಿ. ಅಮೀನತ್ ಮೇಜಿನ ಅಂಚು ಹಿಡಿದು ನಿಂತೇ ಮಾತಾಡಿದಳು.

"ನಮ್ಮವರು ಎರಡು ಸಲ ಟಿಕ್ ಕೇಳಿತು ಅಂತ ಹೇಳಿದ್ರೆ ಕೇಳಿರ್ತದೆ. ಸುಳ್ಳು ಹೇಳುವ ಜನ ಅಲ್ಲ. ಇವರಿಗೆ ಹೇಳಿ ಮಾರಾಯ್ತಿ, ನಮಗೆ ಇಲ್ಲಿ ಯಾರೂ ಇಲ್ಲ."

"ಮಂಗಳವಾರದವರೆಗೆ ಸಮಯ ಉಂಟಂತೆ" ಎಂದಳು ಶಹನಾ. "ಅಷ್ಟರೊಳಗೆ ಬೇರೆ ಎಂತದಾದ್ರೂ ಸಿಕ್ಕದಿದ್ರೆ ಕೇಸು ಪ್ರಾಸಿಕ್ಯೂಟರಿಗೆ ಹೋಗ್ತದೆ. ಹೋದ್ರೆ ವರ್ಷಗಟ್ಟಲೆ ಒಳಗೆ."

ಅಮೀನತ್ ಆಮೇಲೆ ಕೂತಳು. ಸಂಜೆಯವರೆಗೆ ಏಳಲಿಲ್ಲ.

ಮಹ್ರೂಫನ ವಿಚಾರಣೆ 11.30ಕ್ಕೆ.

"ಟಿಕ್ ಕೇಳಿತೇ?"

"ಕೇಳಿತು ಮೇಡಂ. ಎರಡು."

"ಡ್ರೈವ್ ಇದ್ದ ದಿನ ಎಷ್ಟು ಹೊತ್ತಿಗೆ ಕೇಳುತ್ತದೆ?"

"ಐದು ಮುಕ್ಕಾಲಿನ ಸುಮಾರಿಗೆ. ಆ ದಿನ ಸ್ವಲ್ಪ ಬೇಗ ಆಯ್ತು ಅಂತ ಅನಿಸಿತು."

"ಅನಿಸಿದ ಮೇಲೂ ಯಾಕೆ ಎತ್ತಿದೆ?"

"ಟಿಕ್ ಆದ್ರೆ ಎತ್ತುದು. ಪ್ರಶ್ನೆ ಕೇಳ್ಲಿಕ್ಕೆ ನನ್ನನ್ನು ಇಟ್ಟದ್ದಲ್ಲ."

"ಅಲ್ಲಿಂದ ಮರ ಕಾಣುತ್ತದೆಯೇ?"

"ಇಲ್ಲ. ಗೂಡಿನ ಗೋಡೆ ಅಡ್ಡ."

"ಮಧ್ಯಾಹ್ನ ಎಲ್ಲಿದ್ದೆ?"

"ಮಸ್ಕತ್ತಿನಿಂದ ಗೆಸ್ಟ್‌ಗಳನ್ನು ತರ್ಲಿಕ್ಕೆ ಹೋಗಿದ್ದೆ. ನಾಲ್ಕು ಗಂಟೆಗೆ ಬಂದದ್ದು. ಅವರೊಟ್ಟಿಗೇ ಇದ್ದೆ."

ಶನಿವಾರ ಇಡೀ ದಿನ ಹಮೂದ್ ಒಂಬತ್ತು ಜನ ಪ್ರವಾಸಿಗರ ಫೋನುಗಳನ್ನು ನೋಡಿದ. ಅಂದು ಚಿತ್ರೀಕರಿಸದೆ ಉಳಿದವರು ಇಬ್ಬರೇ. ಸಾವನ್ನು ಏಳು ದಿಕ್ಕಿನಿಂದ ನೋಡುವ ಕೆಲಸ ಯಾರಿಗೂ ಬೇಡ. ಮಧ್ಯಾಹ್ನದ ಊಟ ಅವನು ಮುಟ್ಟಲಿಲ್ಲ. ಸಂಜೆ 4.10ಕ್ಕೆ ಹಿಬಾ ಅವರನ್ನು ಕರೆದು, ಐದನೆಯ ಫೋನಿನ ದನಿ ಜೋರು ಮಾಡಿದ. ಜೀಪಿನ ಮುಂದಿದ್ದ ಗ್ರೆಟ್ಟಾಳ ವಾಕಿಟಾಕಿಯಿಂದ ಎರಡು ಟಿಕ್ ಸ್ಪಷ್ಟವಾಗಿ ಕೇಳಿತು. ಅದೇ ಕ್ಷಣದ ಚಿತ್ರದಲ್ಲಿ ಶೈಲೇಶನ ಎರಡೂ ಅಂಗೈ ಮರಳಿನ ಮೇಲಿದ್ದವು. ಅವನ ವಾಕಿಟಾಕಿ ಸೊಂಟದಲ್ಲಿ ನೇತಾಡುತ್ತಿತ್ತು.

ಗ್ರೆಟ್ಟಾಳನ್ನು ಮತ್ತೆ ಕರೆಸಿದರು.

"ಟಿಕ್ ನಿಮಗೂ ಕೇಳಿತ್ತು."

"ಕೇಳಿತ್ತು."

"ಹೇಳಲಿಲ್ಲ ಯಾಕೆ?"

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ನಮ್ಮ ವಕೀಲರು ಹೇಳಿದ್ದರು."

ಅವಳಿಗೆ ಬೇಕಾಗಿದ್ದದ್ದು ಒಬ್ಬ ಅಜಾಗರೂಕ ಕೆಲಸಗಾರ. ಕೊಲೆ ಬೇಕಾಗಿರಲಿಲ್ಲ. ಕೊಲೆಯಾದರೆ ಪ್ಲಾಸ್ಟರಿನ ಪಾದ, ಉಪವಾಸ, ಎಲ್ಲವೂ ಕೋರ್ಟಿನಲ್ಲಿ ಹೊರಗೆ ಬರಬೇಕು. ಒಬ್ಬನ ಬದುಕು ಹೋದರೂ ಚಿಂತೆಯಿಲ್ಲ, ಬೋರ್ಡು ಉಳಿದರೆ ಸಾಕು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ.

ಲಾಡ್ಜಿನಲ್ಲಿ ವಾಕಿಟಾಕಿಗಳಿದ್ದದ್ದು ನಾಲ್ಕು. ಶೈಲೇಶನದು ಸೊಂಟದಲ್ಲಿ, ಗ್ರೆಟ್ಟಾಳದು ಜೀಪಿನಲ್ಲಿ, ಮಹ್ರೂಫನದು ಗೂಡಿನ ಹಿಂದೆ. ನಾಲ್ಕನೆಯದು ಜೀಬ್ರಾ ನೋಡಿಕೊಳ್ಳುವ ಬಸಯ್ಯನದು.

ಬಸಯ್ಯ ಗದಗ ಜಿಲ್ಲೆಯವನು, ನಲವತ್ತೇಳು ವರ್ಷ, ಹಣೆಗೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಕರಡಿಗೆಯಲ್ಲಿ ಲಿಂಗ. ಅಯ್ಯನವರ ಮನೆತನ. ಪ್ರಾಣಿಗಳ ಜೊತೆ ಎರಡು ವರ್ಷದಿಂದಿದ್ದರೂ ಮಾಂಸದ ಬಕೆಟ್ಟಿನ ಹತ್ತಿರ ಸುಳಿದವನಲ್ಲ. ಅವನ ಪಾಲಿನ ಮಾಂಸದ ಕೆಲಸವೆಲ್ಲ ಮಹ್ರೂಫ್ ಮಾಡಿಕೊಡುತ್ತಿದ್ದ. ಪ್ರತಿಯಾಗಿ ಮಹ್ರೂಫನ ಪಾಲಿನ ಹುಲ್ಲು ಹೊರುವುದು ಬಸಯ್ಯನದು. ಭಾನುವಾರ ಲಾಡ್ಜಿಗೇ ಹೋಗಿ ಅವನನ್ನು ವಿಚಾರಿಸಿದರು.

"ನಿಮ್ಮ ವಾಕಿಟಾಕಿ ಎಲ್ಲಿತ್ತು?"

"ಅಡಗಿಮನ್ಯಾಗ ಚಾರ್ಜಿಗೆ ಇಟ್ಟಿದ್ದೆರಿ. ಮಧ್ಯಾಹ್ನದಿಂದ."

"ನೀವೆಲ್ಲಿದ್ದಿರಿ?"

"ಜೀಬ್ರಾದ ದಡ್ಡ್ಯಾಗ."

"ಯಾರಾದರೂ ನೋಡಿದರೇ?"

"ಜೀಬ್ರಾ ನೋಡ್ಯಾವ್ರಿ."

ಅಡುಗೆಮನೆಗೆ ಲಾಡ್ಜಿನ ಹನ್ನೊಂದು ಕೆಲಸಗಾರರೂ ಹೋಗಿಬರುತ್ತಿದ್ದರು. ಚಾರ್ಜಿಗಿಟ್ಟ ವಾಕಿಟಾಕಿಯನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಕರುಳು ಇದ್ದ ಫ್ರೀಜರಿನ ಕೀಲಿಯೂ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಒಂದು ಪೊಟ್ಟಣ ಕಡಿಮೆಯಿತ್ತು. ಹನ್ನೊಂದು ಜನರಲ್ಲಿ ಶೈಲೇಶನನ್ನು ಇಷ್ಟಪಡುತ್ತಿದ್ದವರು ಒಬ್ಬರೂ ಇರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಹಿಬಾ ಅವರಿಗೆ ಇನ್ನೆರಡೇ ದಿನ ಉಳಿದಿತ್ತು.

ದಾರಿ ತೆರೆದದ್ದು ಚಹಾದಿಂದ. ಅಡುಗೆಯ ಕುಂಞಮ್ಮದ್ ಅರವತ್ತರ ಬ್ಯಾರಿ ಮುದುಕ, ಬಾಯಿಗೆ ಬೀಗವಿಲ್ಲದವನು. ಊರಿನ ಹುಡುಗಿ ಬಂದಳೆಂದು ಶಹನಾಳನ್ನು ಮಗಳೇ ಎಂದು ಕರೆದು ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ ಮಾಡಿಕೊಟ್ಟು, ಲಾಡ್ಜಿನ ಕಷ್ಟಗಳ ಪಟ್ಟಿ ಶುರು ಮಾಡಿದ. ಅದರಲ್ಲಿ ನೀರಿನದೊಂದು.

"ಮೇ ತಿಂಗಳಲ್ಲಿ ಮಧ್ಯಾಹ್ನ ನಲ್ಲಿ ಬಿಟ್ರೆ ಮೊಟ್ಟೆ ಬೇಯ್ತದೆ ಮೋಳೆ. ಅದಕ್ಕೆ ನಾನು ಬೆಳಿಗ್ಗೆ ಸುಬಹಿ ನಮಾಜಿಗೇ ಒಂದು ಡ್ರಮ್ ತುಂಬಿಸಿ ಇಡುದು, ವುಝೂ ಮಾಡ್ಲಿಕ್ಕೆ, ಕೈಕಾಲು ಮುಖ ತೊಳೀಲಿಕ್ಕೆ. ಗುರುವಾರ ಸಂಜೆಯ ಅಸರ್ ನಮಾಜಿಗೆ ಹೋಗಿ ನೋಡಿದ್ರೆ ಡ್ರಮ್ ಖಾಲಿ. ಖಲಾಸ್."

"ಯಾರು ಖಾಲಿ ಮಾಡಿದ್ದು?"

"ಬಸಯ್ಯ. ಎರಡೂವರೆಗೆ ಮಿಂದಿದ್ದಾನೆ. ತಲೆಯಿಂದ ನೀರು ಇಳೀತಾ ಇತ್ತು, ಹೊಸ ವಿಭೂತಿ ಬೇರೆ. ಅವರ ಜನ ಹೊತ್ತಲ್ಲದ ಹೊತ್ತಿನಲ್ಲಿ ಮೀಯುದು ಸಾವಿನ ಸುದ್ದಿ ಬಂದ್ರೆ ಅಲ್ವಾ? ನಾನು ಹೆದರಿ ಕೇಳಿದೆ, ಊರಲ್ಲಿ ಯಾರಾದ್ರೂ ತೀರಿಕೊಂಡ್ರಾ ಬಸಯ್ಯಾ ಅಂತ."

"ಎಂತ ಹೇಳಿದ?"

"ಇನ್ನೂ ಇಲ್ರಿ ಕಾಕಾ, ಅಂದ."

ಮುದುಕ ಲೋಟ ತೊಳೆಯುತ್ತಲೇ ಇದ್ದ. ಶಹನಾ ಚಹಾವನ್ನು ಅರ್ಧಕ್ಕೇ ಬಿಟ್ಟಳು. ಎದ್ದುಹೋಗಿ ಹಿಬಾ ಅವರಿಗೆ ಹೇಳಿದಳು.

ಹಿಬಾ ಅವರಿಗೆ ಮೊದಲು ಅರ್ಥವಾಗಲಿಲ್ಲ. ಸೆಖೆಗೆ ಒಬ್ಬ ಸ್ನಾನ ಮಾಡಿದರೆ ಅದರಲ್ಲೇನು? ಶಹನಾ ವಿವರಿಸಿದಳು. ಕುಂಞಮ್ಮದ್ ಹೇಳುವಂತೆ ಇವನು ದಿನವೂ ಬೆಳಗಿನ ಜಾವ ನಾಲ್ಕಕ್ಕೆ ಮಿಂದು ಲಿಂಗಪೂಜೆ ಮಾಡುವವನು. ಒಮ್ಮೆ ಮಿಂದರೆ ಮುಗಿಯಿತು. ಮಾಂಸ ಮುಟ್ಟಿದರೆ ಮಾತ್ರ, ಆ ಮೈಯಲ್ಲಿ ಲಿಂಗ ಮುಟ್ಟುವಂತಿಲ್ಲ, ತಲೆಯ ಮೇಲಿಂದ ನೀರು ಹಾಕಿಕೊಳ್ಳಲೇಬೇಕು. ಕೈ ತೊಳೆದರೆ ಸಾಲದು. ಗುರುವಾರ ಸಿಂಹದ ಉಪವಾಸ. ಅಂದು ಲಾಡ್ಜಿನಲ್ಲಿ ಸಿಂಹದ ಮಾಂಸ ಮುಟ್ಟುವ ಕೆಲಸ ಯಾರಿಗೂ ಇರಲಿಲ್ಲ.

"ಬೇರೆ ಯಾರಾಗಿದ್ದರೂ ಕೈ ಒರೆಸಿಕೊಂಡು ಸುಮ್ಮನಿರುತ್ತಿದ್ದರು" ಎಂದರು ಹಿಬಾ.

"ಹೌದು ಮೇಡಂ. ಇವನಿಂದ ಆಗುವುದಿಲ್ಲ."

ಹಮೂದನಿಗೆ ಜೀಬ್ರಾ ದೊಡ್ಡಿಯ ಗೊಬ್ಬರದ ಗುಂಡಿ ಅಗೆಯುವ ಆಜ್ಞೆಯಾಯಿತು. ಅವನು ಅರ್ಧ ದಿನ ಶಪಿಸುತ್ತ ಅಗೆದ. ಸೋಮವಾರ ಬೆಳಿಗ್ಗೆ 9.20ಕ್ಕೆ ಖಾಕಿ ಅಂಗಿಯೊಂದು ಸಿಕ್ಕಿತು. ಕಿಸೆಯ ಮೇಲೆ ಲಾಡ್ಜಿನ ಗುರುತು, ತೋಳಿಗೆ ಒಣಗಿದ ರಕ್ತ ಮತ್ತು ಕೊಬ್ಬು. ಪಂಚರ ಸಮಕ್ಷಮ ಮೊಹರು ಮಾಡಿದರು. ದೊಡ್ಡಿಯ ಪಕ್ಕದ ಹುಲ್ಲಿನ ಕೊಟ್ಟಿಗೆಯ ಛಾವಣಿ ಹತ್ತಿ ನೋಡಿದಾಗ ಜಾಲಿಮರ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಛಾವಣಿಯ ಧೂಳಿನಲ್ಲಿ ಯಾರೋ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತ ಗುರುತಿತ್ತು.

ವಿಚಾರಣೆ ಠಾಣೆಯಲ್ಲಿ, ಸೋಮವಾರ 11.20ಕ್ಕೆ. ಶಹನಾ ಮೇಜಿನ ಪಕ್ಕದಲ್ಲಿ ಕೂತು ಎರಡೂ ಕಡೆಯ ಮಾತು ದಾಟಿಸಿದಳು.

"ಗುರುವಾರ ಮಧ್ಯಾಹ್ನ ಸ್ನಾನ ಮಾಡಿದಿರಾ ಬಸಯ್ಯನವರೇ?"

"ಹೌದ್ರಿ."

"ಯಾಕೆ?"

"ಸೆಕಿ ಇತ್ರಿ."

"ಬುಧವಾರ ಇನ್ನೂ ಹೆಚ್ಚು ಸೆಖೆ ಇತ್ತು. ಬುಧವಾರ ಮಾಡಿದಿರಾ?"

"ಇಲ್ರಿ."

"ಮಂಗಳವಾರ?"

"ಇಲ್ಲ."

"ಎರಡು ವರ್ಷದಲ್ಲಿ ಎಷ್ಟು ಸಲ ಮಧ್ಯಾಹ್ನ ಮಿಂದಿದ್ದೀರಿ?"

ಹಿಬಾ ಮೊಹರು ಮಾಡಿದ ಚೀಲವನ್ನು ಮೇಜಿನ ಮೇಲಿಟ್ಟರು. ಒಳಗಿದ್ದ ಅಂಗಿಯನ್ನು ಅವನು ನೋಡಿದ. ಆಮೇಲೆ ಚೀಲ ತನಗೆ ತಾಗದಂತೆ ಕುರ್ಚಿ ಹಿಂದಕ್ಕೆ ಸರಿಸಿದ.

"ಮುಟ್ಟೀನ್ರಿ" ಎಂದ. "ಬರಿಗೈಲೆ ಮುಟ್ಟೀನಿ. ಎರಡ ಸಲ ವಾಂತಿ ಮಾಡ್ಕೊಂಡೀನಿ. ಖರೇನ ಅಷ್ಟು. ಬರಕೋರಿ."

"ಟಿಕ್ ಮಾಡಿದ್ದು?"

"ನಾನ."

"ಸಾಯಿಸಬೇಕೆಂದೇ?"

"ಹೂಂ."

"ಯಾಕೆ?"

ಅವನು ಬಾಗಿಲ ಕಡೆ ನೋಡಿದ. ಹೊರಗಿನ ಬೆಂಚಿನ ಮೇಲೆ ಅಮೀನತ್ ಕೂತಿದ್ದಳು. "ಅವನ ಹೆಂಡ್ತಿ ಏನ್ರಿ?" ಎಂದು ಕೇಳಿದ. ಹೌದೆಂದರು.

"ಮಹ್ರೂಫ್ ನಿಮಗೆ ಸ್ನೇಹಿತ. ಅವನ ಕೈಯಲ್ಲೇ ಶಟರ್ ಎತ್ತಿಸಿದಿರಿ. ಅವನು ಲಾಕಪ್ಪಿನಲ್ಲಿ ನಾಲ್ಕು ದಿನದಿಂದ ಇದ್ದಾನೆ. ನೀವು ಸುಮ್ಮನಿದ್ದಿರಿ."

"ಬೇಕಂತನ ಎತ್ತಿಸೇನ್ರಿ. ಫೋನ್ ಹಿಡದಾಂವ ಅವನ."

"ಯಾವ ಫೋನು?"

ಬಸಯ್ಯ ಹೇಳತೊಡಗಿದಾಗ, ಎರಡನೆಯ ವಾಕ್ಯಕ್ಕೇ ಶಹನಾ ಅನುವಾದ ನಿಲ್ಲಿಸಿದಳು. ಅವಳಿಗೆ ವಿಷಯ ಗೊತ್ತಿತ್ತು. ಆ ವಿಡಿಯೊ ಅವಳ ಫೋನಿನಲ್ಲಿತ್ತು. ಏಪ್ರಿಲ್ ಕೊನೆಯಲ್ಲಿ ಅಕ್ಕ ಪುತ್ತೂರಿನಿಂದ ಕಳಿಸಿದ್ದಳು, ಇವಳು ಇನ್ನು ನಾಲ್ಕು ಗುಂಪಿಗೆ ದಾಟಿಸಿದ್ದಳು. ಇಪ್ಪತ್ಮೂರು ಸೆಕೆಂಡು. ಪ್ರವಾಸಿಗರು ಫೋಟೋ ತೆಗೆಯಲೆಂದು ಸಿಂಹದ ಬಯಲಿನಲ್ಲಿ ಇಟ್ಟ ಜಾಲರಿಯ ಪಂಜರ. ಅದರೊಳಗೆ ಒಬ್ಬ ಮನುಷ್ಯ. ಮುಖಕ್ಕೆ ರಬ್ಬರಿನ ಆಡಿನ ಮುಖವಾಡ, ಕೊರಳಿಗೆ ಹಸಿ ಮಾಂಸದ ಸರ. ಸಿಂಹಿಣಿ ಹೊರಗಿನಿಂದ ಜಾಲರಿಗೆ ಪಂಜ ಹಾಕುತ್ತಿದೆ. ಕಾಣದ ಒಬ್ಬ "ಬ್ಯಾ ಅನ್ನು, ಬ್ಯಾ ಅನ್ನು, ಅಂದ್ರೆ ಬಾಗಿಲು ತೆಗೀತೇನೆ" ಎನ್ನುತ್ತಾನೆ. ಪಂಜರದ ಮನುಷ್ಯ ಆಡಿನಂತೆ ಕೂಗುತ್ತಾನೆ. ಅವನ ಪ್ಯಾಂಟು ಒದ್ದೆಯಾಗುತ್ತದೆ. ಫೋನ್ ಹಿಡಿದವನ ನಗೆಗೆ ಚಿತ್ರ ಅಲ್ಲಾಡುತ್ತದೆ. ಲಕ್ಷಾಂತರ ಜನ ನೋಡಿ ನಕ್ಕ ವಿಡಿಯೊ. ಓದುವ ನಿಮಗೂ ಅಂಥದೊಂದು ಯಾವತ್ತೋ ಬಂದಿರುತ್ತದೆ, ನೀವೂ ಯಾರಿಗೋ ಕಳಿಸಿರುತ್ತೀರಿ. ಮುಖವಾಡದೊಳಗೆ ಯಾರಿದ್ದಾರೆಂದು ನಾವು ಯಾರೂ ಕೇಳುವುದಿಲ್ಲ.

ಒಳಗಿದ್ದದ್ದು ಬಸಯ್ಯ. ಮಾಂಸದ ಸರ ಲಿಂಗದ ಮೇಲೆ ಕೂತಿತ್ತು. ಹಾಕಿದವನು ಶೈಲೇಶ್, ಏಪ್ರಿಲ್ 18ರ ಸಂಜೆ, ಪ್ರವಾಸಿಗರನ್ನು ನಗಿಸಲಿಕ್ಕೆ. ಜಂಗಮನೆಂದು ಗೊತ್ತಿದ್ದೇ ಹಾಕಿದ. ಹಾಗೆ ಹಾಕಿದರೇ ಅವನು ಚೆನ್ನಾಗಿ ಒದ್ದಾಡುತ್ತಾನೆಂದು ಆಮೇಲೆ ಅಡುಗೆಮನೆಯಲ್ಲಿ ಹೇಳಿಕೊಂಡಿದ್ದನಂತೆ.

ಹಿಬಾ ವಿಡಿಯೊವನ್ನು ಒಂದು ಸಲ ನೋಡಿದರು. ಎರಡನೆಯ ಸಲ ಒತ್ತಲಿಲ್ಲ.

"ಆವತ್ತೇ ಠಾಣೆಗೆ ಬರಬಹುದಿತ್ತಲ್ಲ."

"ಅದನ್ನ ನಾ ನುಂಗಿದ್ದೆರಿ. ನಾಕ ಮಂದಿ ನಕ್ಕರ ನಕ್ಕೊಳ್ಳಿ, ಹೊಟ್ಟಿಪಾಡು ಅಂತ. ಆದರ ವಾರದ ಮ್ಯಾಲ ಮಗಳು ಫೋನ್ ಮಾಡಿದ್ಲು. ತ್ರಿವೇಣಿ ಅಂತ, ಗದಗಿನ್ಯಾಗ ನರ್ಸಿಂಗ್ ಓದ್ತಾಳ. ಅಕಿ ಕಾಲೇಜಿನ ತುಂಬ ಆ ವಿಡಿಯೋ ಹರದಾಡಿತ್ತು. ಅಪ್ಪಾ, ನೀ ಇರೋ ದೇಶದ್ದಂತ ನೋಡು, ಅಂತ ನಂಗ ಕಳಿಸಿದ್ಲು. ಮಾತಾಡಾಕ ಬರ್ತಿದ್ದಿಲ್ಲ ಅಕಿಗೆ, ಅಷ್ಟು ನಗ್ತಿದ್ಲು."

"ಅವಳಿಗೆ ಗೊತ್ತಿಲ್ಲವೇ?"

"ಎಲ್ಲೀದ್ರಿ. ನಾ ಕುದರಿ ಲಾಯದಾಗ ಅದೀನಿ ಅಂತ ಹೇಳೀನಿ ಮನ್ಯಾಗ."

"ನೀವು ಅವಳಿಗೆ ಏನು ಹೇಳಿದಿರಿ?"

ಬಸಯ್ಯ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತ. ಆಮೇಲೆ ಕೈ ಮುಗಿದು, ಒಂದು ಮಾತು ಕೇಳಿಕೊಂಡ. ಕಾಗದದಲ್ಲಿ ವಿಡಿಯೊ ಬರುವುದು ಬೇಡ. ಸಿಟ್ಟಿತ್ತು, ಕೊಂದೆ, ಅಷ್ಟೇ ಇರಲಿ.

ಹಿಬಾ ಶಹನಾಳ ಮೂಲಕ ಬಿಡಿಸಿ ಹೇಳಿದರು. ಕಾರಣ ಬರೆಸಿದರೆ ನ್ಯಾಯಾಧೀಶರು ಅದನ್ನು ತೂಗಿ ನೋಡುತ್ತಾರೆ. ಬರೆಸದಿದ್ದರೆ ಇದು ತಣ್ಣಗೆ ಯೋಚಿಸಿ ಮಾಡಿದ ಕೊಲೆ. ತಲೆಯೇ ಹೋಗಬಹುದು.

"ಅರ್ಥ ಆಯ್ತೇನು?"

"ಆತ್ರಿ."

"ಇನ್ನೊಮ್ಮೆ ಹೇಳಲೇ?"

"ಬ್ಯಾಡ್ರಿ. ತಲಿ ಹೋದರ ಹೋಗ್ಲಿ. ಅದು ನಾನಂತ ಮಗಳಿಗೆ ತಿಳಿಬಾರದು. ಅಕಿ ಜೀವಂತ ಇರೋಮಟ ಅಪ್ಪ ಅಂದಕೂಡ್ಲೇ ಅದ ನೆನಪಾಕ್ಕತಿ."

ಕಾರಣ ಬರೆದ ಹೇಳಿಕೆಗೆ ಅವನು ಸಹಿ ಹಾಕಲಿಲ್ಲ. ಹಿಬಾ ಎರಡು ಗಂಟೆ ಬಿಟ್ಟು ಮತ್ತೆ ಕೇಳಿದರು, ಆಗಲೂ ಹಾಕಲಿಲ್ಲ. ಕೊನೆಗೆ ಬೇರೆ ಹಾಳೆಯಲ್ಲಿ, ಕಾರಣದ ಎದುರು ಆರೋಪಿ ಹೇಳಿದಂತೆಯೇ "ವೈಯಕ್ತಿಕ ದ್ವೇಷ" ಎಂದು ಬರೆದರು. ನ್ಯಾಯಾಧೀಶರ ಮುಂದೆ ಯಾವತ್ತು ಬೇಕಾದರೂ ನೀವೇ ಹೇಳಬಹುದು ಎಂದೂ ತಿಳಿಸಿದರು. ಸಂಜೆ 4.05ಕ್ಕೆ ಬಸಯ್ಯ ಕನ್ನಡದಲ್ಲಿ, ದುಂಡಗೆ, ಸಹಿ ಹಾಕಿದ. 4.10ಕ್ಕೆ ಬಂಧನ ದಾಖಲಾಯಿತು.

ಮಹ್ರೂಫ್ ಬಿಡುಗಡೆಯಾದದ್ದು ಮಂಗಳವಾರ ಬೆಳಿಗ್ಗೆ. ಅಮೀನತ್ ಅವನ ಚಪ್ಪಲಿ ತಂದು ಕಾಲಿನ ಹತ್ತಿರ ಇಟ್ಟಳು. ಯಾರು, ಯಾಕೆ ಎಂದು ಶಹನಾ ಅವನಿಗೆ ಹೇಳಿದಾಗ ಅವನ ಒಂದು ಕಾಲಿಗಷ್ಟೇ ಚಪ್ಪಲಿ ಸೇರಿತ್ತು.

"ಶೈಲೇಶ್ ಫೋನ್ ಹಿಡಿ ಅಂದ, ಹಿಡಿದೆ. ನಾನು ನಗ್ಲಿಲ್ಲ ಮೇಡಂ." ಇನ್ನೊಂದು ಚಪ್ಪಲಿಗೆ ಕಾಲು ತೂರಿಸುತ್ತ, "ಸ್ವಲ್ಪ ನಕ್ಕೆ" ಎಂದ.

ಅಮೀನತ್ ಗಂಡನ ಮುಖವನ್ನೇ ನೋಡುತ್ತಿದ್ದಳು. ಐದು ದಿನ ಅವನಿಗಾಗಿ ಬೆಂಚಿನ ಮೇಲೆ ಕೂತವಳು, ಈಗ ಎರಡು ಹೆಜ್ಜೆ ಮುಂದೆ ನಡೆದು, ಒಬ್ಬಳೇ ಕಾರಿನಲ್ಲಿ ಕೂತಳು. ಅವನು ಹಿಂದಿನಿಂದ ಹೋದ.

ಬಂಧಿತನ ಮನೆಗೆ ಸುದ್ದಿ ಮುಟ್ಟಿಸುವುದು ನಿಯಮ. ಮೇ 16, ಗುರುವಾರ, ಮಧ್ಯಾಹ್ನ 12.06ಕ್ಕೆ ಹಿಬಾ ಅವರ ಎದುರಿನಲ್ಲೇ ಶಹನಾ ಗದಗಿಗೆ ಫೋನ್ ಮಾಡಿದಳು. ಬಸಯ್ಯನ ಹೆಂಡತಿ ಕೆಂಚವ್ವ ಫೋನನ್ನು ಮಗಳಿಗೆ ಕೊಟ್ಟಳು. ಶಹನಾ ಹೇಳಬೇಕಾದಷ್ಟನ್ನೇ ಹೇಳಿದಳು. ಜೊತೆಗೆ ಕೆಲಸ ಮಾಡುವವನ ಕೊಲೆ, ನಿಮ್ಮ ತಂದೆಯ ಬಂಧನ, ವಕೀಲರ ನಂಬರು. ಸಿಂಹ ಎಂಬ ಮಾತನ್ನು ತೆಗೆಯಲಿಲ್ಲ.

"ಯಾಕ ಮಾಡಿದ ಅಂತ ಬರದೀರಿ?" ಎಂದು ತ್ರಿವೇಣಿ ಕೇಳಿದಳು.

"ವೈಯಕ್ತಿಕ ದ್ವೇಷ ಅಂತ."

"ಸುಳ್ಳರಿ ಅದು. ನಮ್ಮಪ್ಪಗ ಸಿಟ್ಟು ಅಂದ್ರ ಏನು ಅಂತನ ಗೊತ್ತಿಲ್ಲ. ಮೇಡಂ, ಹೋದ ತಿಂಗಳ ನಾ ಒಂದು ವಿಡಿಯೋ ಕಳಿಸಿದ್ದೆ, ನಗಿಚಾಟ್ಕಿದು. ಅದನ್ನ ನೋಡಿ ನನ್ನ ಜೋಡಿ ಫೋನಿನ್ಯಾಗ ಎಷ್ಟು ನಕ್ಕಾನಂದ್ರ, ನಾ ಹುಟ್ಟಿದಾಗಿಂದ ಅವ ಅಷ್ಟು ನಕ್ಕಿದ್ದು ಕೇಳಿದ್ದಿಲ್ಲ. ಕೆಮ್ಮು ಬಂದು ಕಣ್ಣಾಗ ನೀರು ಬಂತಂತ. ಹಂಗ ನಗೋ ಮನಿಷಾ ಕೊಲಿ ಮಾಡ್ತಾನೇನ್ರಿ?"

ಏನು ಹೇಳುತ್ತಿದ್ದಾಳೆಂದು ಹಿಬಾ ಕೈಸನ್ನೆಯಲ್ಲಿ ಕೇಳಿದರು.

"ಕಳಸ್ಲೇನ್ರಿ ಆ ವಿಡಿಯೋ? ಜಡ್ಜಿಗೆ ತೋರಸ್ರಿ. ಇಂಥಾದ್ದಕ್ಕ ನಗೋವಂಥ ಮನಿಷಾ ಇಂವಾ, ಅಂತ ಹೇಳ್ರಿ."

"ಬೇಡಮ್ಮ" ಎಂದಳು ಶಹನಾ.

ಕರೆ ಮುಗಿದ ಸಮಯ 12.14 ಎಂದು ಅವಳು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದಳು.